ವಾಟ್ಸಾಪ್ ಗುಂಪಿಗೆ ಮಕ್ಕಳ ಬಯೋಡೇಟಾ ಹಾಕುವ ಮುನ್ನ

ಮೊದಲೆಲ್ಲ ಸಂಬಂಧಗಳು ಕೂಡಿಬರುತ್ತಿದ್ದುದು ಬಸದಿಯ ಅಂಗಳದಲ್ಲಿ, ರಥೋತ್ಸವದಲ್ಲಿ, ಪಂಚಕಲ್ಯಾಣದ ಊಟದ ಪಂಕ್ತಿಯಲ್ಲಿ. ಎರಡೂ ಮನೆಯನ್ನು ಬಲ್ಲ ಹಿರಿಯರೊಬ್ಬರು ನಡುವೆ ಇರುತ್ತಿದ್ದರು. ಈಗ ಆ ಕೆಲಸವನ್ನು ಬಹುಪಾಲು ವಾಟ್ಸಾಪ್ ಗುಂಪುಗಳು ಮಾಡುತ್ತಿವೆ. ಇದನ್ನು ತಪ್ಪೆನ್ನಲಾಗದು. 2011ರ ಜನಗಣತಿಯಂತೆ ಇಡೀ ಕರ್ನಾಟಕದಲ್ಲಿ ಜೈನರು ಸುಮಾರು 4.4 ಲಕ್ಷ ಮಾತ್ರ. ಬೆಳಗಾವಿಯಿಂದ ಕಾರ್ಕಳದವರೆಗೆ ಚದುರಿರುವ ಸಮಾಜಕ್ಕೆ ಈ ಗುಂಪುಗಳಿಂದ ಉಪಕಾರವೇ ಆಗಿದೆ. ಆದರೆ ಅಲ್ಲಿಗೆ ಹಾಕುವ ಬಯೋಡೇಟಾವನ್ನು ಹೆತ್ತವರು ಒಮ್ಮೆ ಹೊರಗಿನವರ ಕಣ್ಣಿನಿಂದ ಓದಿ ನೋಡಬೇಕು.

ಹುಡುಗಿಯ ಪೂರ್ಣ ಹೆಸರು, ಹುಟ್ಟಿದ ದಿನ, ಗಳಿಗೆ, ಊರು. ತಂದೆಯ ವ್ಯಾಪಾರ, ತಾಯಿಯ ತವರುಮನೆ. ಅಣ್ಣನ ಕಂಪನಿ, ಅವನ ಸಂಬಳ. ಜಮೀನು ಎಷ್ಟು ಎಕರೆ, ಸ್ವಂತ ಮನೆ ಎಲ್ಲಿ. ಮನೆ ನಂಬರು ಸಹಿತ ವಿಳಾಸ, ಎರಡು ಮೊಬೈಲ್ ನಂಬರು, ಮೂರು ಫೋಟೋ. ಅಂಗಡಿಯ ಖಾತೆ ಪುಸ್ತಕವನ್ನು ಪಕ್ಕದ ಅಂಗಡಿಯವನಿಗೂ ತೋರಿಸದವರು ಇಷ್ಟನ್ನೂ ಗುರುತಿಲ್ಲದವರ ಕೈಗೆ ಕೊಟ್ಟುಬಿಡುತ್ತಾರೆ. ಒಂದು ಗುಂಪಿನಲ್ಲಿ 1024 ಜನರವರೆಗೆ ಇರಬಹುದು. ಲಿಂಕ್ ಒತ್ತಿ ಒಳಗೆ ಬಂದವರೆಲ್ಲ ಸಮಾಜ ಬಾಂಧವರೇ ಎಂದು ಹೇಳಲು ಅಡ್ಮಿನ್‌ಗೂ ಸಾಧ್ಯವಿಲ್ಲ.

ವಂಚಕನಿಗೆ ಬೇಕಾದದ್ದು ನಂಬಿಕೆ ಹುಟ್ಟಿಸುವ ನಾಲ್ಕು ವಿವರ. ಪೊಲೀಸ್ ವೇಷದವನೊಬ್ಬ ವಿಡಿಯೋ ಕರೆ ಮಾಡಿ, ಮಗಳ ಹೆಸರು, ಜನ್ಮ ದಿನಾಂಕ ಹೇಳಿ, ಆಕೆಯ ಪಾರ್ಸಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದರೆ ಯಾವ ತಂದೆಯ ಎದೆಯಾದರೂ ಒಡೆಯುತ್ತದೆ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ ಎಂಬುದು ಆ ಹೊತ್ತಿಗೆ ನೆನಪಾಗುವುದಿಲ್ಲ. ಇನ್ನೊಂದು ಬಗೆಯವನು ವಿದೇಶದಲ್ಲಿರುವ ವರನಾಗಿ ಬರುತ್ತಾನೆ. ಕಳಿಸಿದ ಉಡುಗೊರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ಹಣ ಕಟ್ಟಿ ಎನ್ನುತ್ತಾನೆ. ಫೋಟೋ ತೆಗೆದುಕೊಂಡು ಹುಡುಗಿಯ ಹೆಸರಿನಲ್ಲಿ ನಕಲಿ ಇನ್‌ಸ್ಟಾಗ್ರಾಂ ಖಾತೆ ತೆರೆಯುವುದಂತೂ ಐದು ನಿಮಿಷದ ಕೆಲಸ.

ಕಾನೂನು ಇದೆಯಲ್ಲ ಎನ್ನಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ನಿಜ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕೆ ಬಳಸುವ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ತಾವೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಗೂ ಅನ್ವಯಿಸುವುದಿಲ್ಲ. ವಂಚನೆ ನಡೆದರೆ ಅದು ಅಪರಾಧವೇ. ಆದರೆ ಅದು ನಡೆದ ಮೇಲಿನ ಮಾತು.

ಆದ್ದರಿಂದ ಬಯೋಡೇಟಾವನ್ನು ಎರಡು ಹಾಳೆ ಮಾಡುವುದು ಒಳ್ಳೆಯದು. ಗುಂಪಿಗೆ ಹಾಕುವ ಮೊದಲ ಹಾಳೆಯಲ್ಲಿ ಹೆಸರು, ಹುಟ್ಟಿದ ವರ್ಷ, ವಿದ್ಯಾಭ್ಯಾಸ, ಉದ್ಯೋಗ, ತಾಲ್ಲೂಕು, ಗೋತ್ರ ಅಥವಾ ಬಳಿ ಇದ್ದರೆ ಸಾಕು. ಸಂಪರ್ಕಕ್ಕೆ ಮನೆಯ ಹಿರಿಯರೊಬ್ಬರ ನಂಬರು, ಹುಡುಗಿಯದು ಬೇಡ. ಹುಟ್ಟಿದ ದಿನ, ಗಳಿಗೆ, ವಿಳಾಸ, ಆದಾಯ, ಫೋಟೋ ಎಲ್ಲ ಎರಡನೆಯ ಹಾಳೆಗೆ. ಎದುರಿನವರು ಯಾರೆಂದು ಅವರ ಊರಿನ ಬಸದಿಯಲ್ಲೋ ಬಂಧುಗಳಲ್ಲೋ ವಿಚಾರಿಸಿದ ಮೇಲೆ ಅದನ್ನು ಅವರಿಗೊಬ್ಬರಿಗೇ ಕಳಿಸಬೇಕು. ಜಾತಕ ಕೂಡಿಸಲು ಒಂದು ವಾರ ತಡವಾದರೆ ಯಾವ ಸಂಬಂಧವೂ ತಪ್ಪಿಹೋಗದು. ಸಮಾವೇಶದ ನೋಂದಣಿಗೆ ಆಧಾರ್ ಪ್ರತಿ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಕೊಡಬಹುದು; ಆಧಾರ್ ಜಾಲತಾಣದಲ್ಲಿ ಅದು ಉಚಿತವಾಗಿ ಸಿಗುತ್ತದೆ.

ಫೋನಿನಲ್ಲೂ ಎರಡು ಕೆಲಸವಿದೆ. ವಾಟ್ಸಾಪ್ ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ಪ್ರೊಫೈಲ್ ಫೋಟೋವನ್ನು ‘ಮೈ ಕಾಂಟ್ಯಾಕ್ಟ್ಸ್’ಗೆ ಬದಲಿಸಿ, ಅಕೌಂಟ್‌ನಲ್ಲಿ ಟು-ಸ್ಟೆಪ್ ವೆರಿಫಿಕೇಶನ್‌ನ ಆರು ಅಂಕಿಯ ಪಿನ್ ಹಾಕಬೇಕು. ಮೊಮ್ಮಕ್ಕಳು ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಹಣ ಕಳೆದುಕೊಂಡರೆ ಮರ್ಯಾದೆಗೆ ಅಂಜಿ ಮುಚ್ಚಿಡದೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಯಾರೂ ಗಮನಿಸದ ಸಂಗತಿ ಇನ್ನೊಂದಿದೆ. ನಿಶ್ಚಿತಾರ್ಥವಾದ ಮೇಲೆ ಆ ಬಯೋಡೇಟಾ ಏನಾಗುತ್ತದೆ? ಗುಂಪಿನಿಂದ ಗುಂಪಿಗೆ ಹೋಗುತ್ತಲೇ ಇರುತ್ತದೆ. ಮದುವೆಯಾಗಿ ಮಗುವಾದ ಹುಡುಗಿಗೂ ‘ಸಂಬಂಧ ನೋಡುತ್ತಿದ್ದೀರಾ?’ ಎಂದು ಕರೆ ಬರುವುದುಂಟು. ಗಂಡನ ಮನೆಯಲ್ಲಿ ಅತ್ತೆಯ ಎದುರು ಆಕೆ ಅದಕ್ಕೆ ಏನೆಂದು ಉತ್ತರಿಸಬೇಕು? ವಾಟ್ಸಾಪ್‌ಗೆ ಹಾಕಿದ್ದನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಅವಕಾಶ ಎರಡು ದಿನಗಳ ಮೇಲೆ ಸ್ವಲ್ಪ ಹೊತ್ತು ಮಾತ್ರ. ಆಡಿದ ಮಾತು, ಒಡೆದ ಮುತ್ತು ಎಂದಂತೆ. ಆದ್ದರಿಂದ ಹಾಳೆಯ ತಲೆಯಲ್ಲೇ ‘ಈ ಮಾಹಿತಿ ಇಂಥ ತಿಂಗಳವರೆಗೆ ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆಯಬೇಕು. ನಿಶ್ಚಯವಾದ ದಿನವೇ ಹಾಕಿದ ಗುಂಪುಗಳಲ್ಲೆಲ್ಲ ತಿಳಿಸಿ, ಪ್ರತಿಯನ್ನು ಅಳಿಸುವಂತೆ ಕೋರಬೇಕು. ಸಮಾಜದ ಕಚೇರಿಯ ವಧೂವರರ ಫೈಲಿನಲ್ಲಿರುವ ಪ್ರತಿಯನ್ನೂ ಮರೆಯದೆ ವಾಪಸು ಪಡೆಯಬೇಕು.