ಮೀನಿನ ಉಸಿರನ್ನು ಎಣಿಸುವುದು

ನಸುಕಿನಲ್ಲಿ ಕೆರೆಯ ದಂಡೆಗೆ ಹೋದವರು, ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುವುದನ್ನು ಕಂಡಿರಬಹುದು. ಹಸಿವಿನಿಂದ ಹಾಗೆ ಮಾಡುತ್ತವೆಂದು ತಿಳಿದು ಚುರಮುರಿ ಎರಚುವ ಕನಿಕರವುಳ್ಳವರೂ ಉಂಟು. ಆದರೆ ಆ ಹೊತ್ತಿನಲ್ಲಿ ಮೀನಿಗೆ ಬೇಕಾದುದು ಆಹಾರವಲ್ಲ, ಉಸಿರು.

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯ ಸುತ್ತಲಿನದು ಕಪ್ಪು ಎರೆಮಣ್ಣಿನ ಸೀಮೆ. ಈ ಸೀಮೆಯ ಎಷ್ಟೋ ಬಾವಿಗಳ ನೀರು ಸವುಳು. ಆದುದರಿಂದಲೇ ಇಲ್ಲಿಯ ಜನರಿಗೆ ಕೆರೆಯ ಮೇಲೆ ಅಷ್ಟು ಮಮತೆ. ಇಂತಹ ಊರಿನ ಶಾಲೆಯಲ್ಲಿ ಮಕ್ಕಳು ವಿಜ್ಞಾನ ಸಂಘವೊಂದನ್ನು ಕಟ್ಟಿಕೊಂಡು, ಜಲಚರಗಳನ್ನು ಸಾಕಿ ಅಳತೆಗಳನ್ನು ಬರೆದಿಡಲು ತೊಡಗಿದರೆ, ವಿಷಯವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು 10ರಿಂದ 17 ವರ್ಷದವರಿಂದ ಅಪೇಕ್ಷಿಸುವುದೂ ಇದನ್ನೇ: ತಮ್ಮ ಊರಿನ ಸಂಗತಿಯನ್ನು ತಾವೇ ಅಳೆದು ನೋಡುವುದು.

ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಒಂದು ಲೀಟರು ಸಿಹಿನೀರಿನಲ್ಲಿ, 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಗಾಳಿಯಿಂದ ಕರಗಬಲ್ಲುದು ಸುಮಾರು 9 ಮಿಲಿಗ್ರಾಂ ಮಾತ್ರ. ನೀರು 30 ಡಿಗ್ರಿಗೆ ಕಾದರೆ ಅದು ಏಳೂವರೆಗೆ ಇಳಿಯುತ್ತದೆ. ಕಾವು ಏರಿದಂತೆ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕವಾದರೋ ಹೆಚ್ಚುತ್ತದೆ. ಬೇಸಗೆಯ ಕೆರೆಯ ಕಷ್ಟವೆಲ್ಲ ಇದರಲ್ಲಿದೆ.

ನೀರಗಿಡಗಳೂ ಪಾಚಿಯೂ ಹಗಲು ಬೆಳಕಿನಲ್ಲಿ ಆಮ್ಲಜನಕವನ್ನು ಬಿಡುತ್ತವೆ. ಆದರೆ ಅವೂ ಉಸಿರಾಡುವ ಜೀವಿಗಳೇ ಎಂಬುದನ್ನು ನಾವು ಮರೆಯುತ್ತೇವೆ. ರಾತ್ರಿಯೆಲ್ಲ ಗಿಡ, ಮೀನು, ಬಸವನಹುಳು, ಕೆಸರಿನ ಸೂಕ್ಷ್ಮಜೀವಿ, ಎಲ್ಲವೂ ಇದ್ದ ಗಂಟನ್ನೇ ಕರಗಿಸುತ್ತಿರುತ್ತವೆ. ಸೂರ್ಯೋದಯದ ವೇಳೆಗೆ ಗಂಟು ಬರಿದಾಗುತ್ತ ಬಂದಿರುತ್ತದೆ.

ನಾವು ಇದನ್ನು ಕಲಿತುದು ಪುಸ್ತಕದಿಂದಲ್ಲ. ವಿದ್ಯಾರ್ಥಿಗಳಾಗಿದ್ದಾಗ ಕಿರುಬಾಯಿಯ ಭರಣಿಯೊಂದರಲ್ಲಿ ಏಳು ಮೀನಮರಿಗಳನ್ನು ಬಿಟ್ಟು, ಅವಕ್ಕೆ ಹಿತವಾಗಲೆಂದು ನೀರಗಿಡಗಳನ್ನು ಒತ್ತಾಗಿ ತುಂಬಿದೆವು. ಮರುದಿನ ಬೆಳಗ್ಗೆ ಐದು ಮರಿಗಳು ಸತ್ತು ತೇಲುತ್ತಿದ್ದವು. ಟಿಪ್ಪಣಿ ಪುಸ್ತಕವನ್ನು ತೆಗೆದು ನೋಡಿದರೆ ನಮ್ಮ ಅಳತೆಗಳೆಲ್ಲ ಸರಿಯಾಗಿಯೇ ಇದ್ದವು, ಎಲ್ಲವೂ ಮಧ್ಯಾಹ್ನದವು!

ಆದುದರಿಂದ ಸಂಘದವರು ಅಗಲ ಬಾಯಿಯ ತೊಟ್ಟಿಯನ್ನೇ ಆರಿಸಿಕೊಳ್ಳಬೇಕು. ಗಾಳಿಯು ನೀರನ್ನು ಸೇರುವುದು ಮೇಲ್ಮೈಯಿಂದ. ಮೀನಿನ ಕಿವಿರಿನ ಮುಚ್ಚಳವು ನಿಮಿಷಕ್ಕೆ ಎಷ್ಟು ಬಾರಿ ತೆರೆಯುತ್ತದೆಂಬುದನ್ನು ಎಣಿಸಿ, ಅದರ ಪಕ್ಕದಲ್ಲಿ ನೀರಿನ ಉಷ್ಣತೆಯನ್ನೂ ವೇಳೆಯನ್ನೂ ಬರೆಯಬೇಕು. ಬೆದರಿದ ಮೀನು ಬೇಗಬೇಗನೆ ಉಸಿರಾಡುವುದರಿಂದ, ತೊಟ್ಟಿಯ ಬಳಿ ಹತ್ತು ನಿಮಿಷ ಅಲುಗಾಡದೆ ಕುಳಿತ ಮೇಲೆಯೇ ಎಣಿಕೆ. ಇದು ಚಿಕ್ಕವರಿಗೆ ಎಲ್ಲಕ್ಕಿಂತ ಕಠಿಣವಾದ ಭಾಗ.

ಕೆರೆಯ ನೀರಿನ ಕದಡನ್ನು ಅಳೆಯಲು, ಇಟಲಿಯ ಖಗೋಳಶಾಸ್ತ್ರಜ್ಞ ಸೆಕ್ಕಿಯು 1865ರಲ್ಲಿ ಸಮುದ್ರದ ಮೇಲೆ ಬಳಸಿದ ಉಪಾಯವೇ ಸಾಕು. ಬಿಳಿಯ ತಟ್ಟೆಯೊಂದಕ್ಕೆ ಭಾರ ಕಟ್ಟಿ, ಗುರುತು ಹಾಕಿದ ಹಗ್ಗದಿಂದ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ಬರೆದುಕೊಳ್ಳುವುದು. ಎರೆಮಣ್ಣು ಕದಡಿದ ನೀರಿನಲ್ಲಿ ತಟ್ಟೆಯು ಬೇಗನೆ ಮರೆಯಾಗುತ್ತದೆ. ಅಷ್ಟು ಬೇಗನೆ ಬೆಳಕೂ ಕುಂದುತ್ತದೆ. ಹಿರಿಯರೊಬ್ಬರು ಜೊತೆಯಲ್ಲಿಲ್ಲದೆ ಈ ಕೆಲಸಕ್ಕೆ ಇಳಿಯಕೂಡದು.

ನಸುಕಿನ ಎಣಿಕೆಯನ್ನು ಶಾಲೆಯ ಹತ್ತಿರ ಮನೆಯಿರುವವರು ಸರದಿಯಂತೆ ವಹಿಸಿಕೊಳ್ಳಲಿ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಎಣಿಕೆಯನ್ನು ಅಲ್ಲಿಗೇ ಬಿಟ್ಟು, ಹಿಂದಿನ ದಿನವೇ ತುಂಬಿಟ್ಟ ಕೆರೆಯ ನೀರನ್ನು ತುಸು ಎತ್ತರದಿಂದ ಮೆಲ್ಲಗೆ ತೊಟ್ಟಿಗೆ ಸುರಿಯತಕ್ಕದ್ದು.