ಮೂರು ಫೈಲು, ಒಂದು ಚಮಚ: ಭಾಷಣದ ಟೈಮರ್ ಮನೇಲೇ ಮಾಡ್ಕೊಳ್ಳಿ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿರೋ ನಿಮ್ಮೆಲ್ಲರ ಜೊತೆ ಇವತ್ತು ಭಾಷಣದ ಟೈಮ್ ಬಗ್ಗೆ ಮಾತಾಡ್ತೀನಿ.

ಕಾಲೇಜಿನ ಚರ್ಚಾ ಸ್ಪರ್ಧೆಗಳನ್ನ ನೀವು ನೋಡಿರ್ತೀರಿ. ಎಚ್ಚರಿಕೆ ಗಂಟೆ ಹೊಡೆದಾಗ ಮಾತಾಡೋರು ಇನ್ನೂ ಎರಡನೇ ಪಾಯಿಂಟಲ್ಲೇ ಇರ್ತಾರೆ. ಉಳಿದದ್ದನ್ನ ಉಸಿರು ಬಿಡದೆ ಓಡಿಸ್ತಾರೆ. ಕೊನೇ ಗಂಟೆ ಬೀಳುತ್ತೆ, ಮುಖ್ಯವಾದ ಮಾತು ಬಾಯಲ್ಲೇ ಉಳಿಯುತ್ತೆ. ಇಂಟರ್‌ವ್ಯೂನಲ್ಲಿ ‘ನಿಮ್ಮ ಬಗ್ಗೆ 2 ನಿಮಿಷ ಹೇಳಿ’ ಅಂದಾಗಲೂ ಅಷ್ಟೇ. ಊರು, ಮನೆ, ಹೈಸ್ಕೂಲು ಅನ್ನೋದ್ರೊಳಗೆ ಟೈಮ್ ಮುಗೀತು. ನಿಮಗೆ ಯಾವ ಕೆಲಸ ಬರುತ್ತೆ ಅಂತ ಅವರಿಗೆ ಗೊತ್ತಾಗಲೇ ಇಲ್ಲ.

ವಾಚ್ ನೋಡ್ಕೊಂಡ್ರೆ ಸಾಲದಾ? ಸಾಲದು. ಶುರು ಮಾಡಿದ್ದೆಷ್ಟಕ್ಕೆ, ಈಗೆಷ್ಟು, ಉಳಿದದ್ದೆಷ್ಟು ಅಂತ ತಲೆ ಲೆಕ್ಕಕ್ಕಿಳಿದ್ರೆ ಮಾತಿನ ಎಳೆ ತಪ್ಪುತ್ತೆ. ಬಣ್ಣ ನೋಡಿದ್ರೆ ಆ ಲೆಕ್ಕ ಬೇಕಾಗಲ್ಲ.

1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳು ಈಗ ಬೆಂಗಳೂರಲ್ಲೂ ಇವೆ. ಅಲ್ಲಿ 5ರಿಂದ 7 ನಿಮಿಷದ ಭಾಷಣಕ್ಕೆ 5ನೇ ನಿಮಿಷಕ್ಕೆ ಹಸಿರು, 6ಕ್ಕೆ ಹಳದಿ, 7ಕ್ಕೆ ಕೆಂಪು ತೋರಿಸ್ತಾರೆ. 2 ನಿಮಿಷದ ಮಾತಿಗೆ 1, ಒಂದೂವರೆ, 2. ನಾನು ಬಿಕಾಂ ಓದಿದವಳು, ನನ್ನ ಭಾಷೇಲಿ ಹೇಳ್ಬೇಕಂದ್ರೆ ಹಳದಿ ಮಿನಿಮಮ್ ಬ್ಯಾಲೆನ್ಸು, ಕೆಂಪು ಅಂದ್ರೆ ಖಾತೆ ಖಾಲಿ.

ಇದಕ್ಕೆ ಲೈಟು ಕೊಳ್ಳೋದು ಬೇಡ. ಸ್ಟೇಷನರಿ ಅಂಗಡೀಲಿ ಮೂರು ಬಣ್ಣದ ಪ್ಲಾಸ್ಟಿಕ್ ಫೈಲ್ ಸಿಗುತ್ತೆ. ರೂಮ್‌ಮೇಟ್ ಕೈಗೆ ಕೊಟ್ಟು, ನಿಮ್ಮೆದುರು ಕಣ್ಣಿನ ಮಟ್ಟಕ್ಕೆ ಹಿಡೀಲಿಕ್ಕೆ ಹೇಳಿ. ಕೆಲವರಿಗೆ ಹಸಿರು-ಕೆಂಪಿನ ವ್ಯತ್ಯಾಸ ಕಾಣಲ್ಲ, ಅದಕ್ಕೆ ಫೈಲ್ ಮೇಲೆ 1, 2, 3 ಅಂತ ದಪ್ಪಗೆ ಬರೀರಿ.

ಒಬ್ಬರೇ ಇದ್ದೀರಾ? ಫೋನನ್ನ ಗೋಡೆ ಕಡೆ ನಿಲ್ಲಿಸಿ ವಿಡಿಯೋ ಆನ್ ಮಾಡಿ. 5 ನಿಮಿಷ ಖಾಲಿ ಗೋಡೆ ರೆಕಾರ್ಡ್ ಆಗ್ಲಿ, ಆಮೇಲೆ ಒಂದೊಂದು ನಿಮಿಷಕ್ಕೆ ಒಂದೊಂದು ಫೈಲ್ ಕ್ಯಾಮೆರಾ ಮುಂದೆ ಇಡಿ. ಫೈಲ್ ಇಡೋವಾಗ ಸ್ಟೀಲ್ ಲೋಟಕ್ಕೆ ಚಮಚದಲ್ಲಿ ತಟ್ಟಿ: ಹಸಿರಿಗೆ ಒಂದು ಸಲ, ಹಳದಿಗೆ ಎರಡು, ಕೆಂಪಿಗೆ ಮೂರು. ಪ್ರಾಕ್ಟೀಸ್ ಮಾಡೋವಾಗ ಆ ವಿಡಿಯೋ ಹಾಕ್ಕೊಳ್ಳಿ. ಅದು ಓಡ್ತಿರೋವರೆಗೂ ಸ್ಕ್ರೀನ್ ಆಫ್ ಆಗಲ್ಲ, ನೀವು ಆಚೆ ತಿರುಗಿದ್ರೂ ಚಮಚದ ಸದ್ದು ಕೇಳುತ್ತೆ.

ಸಿಗ್ನಲ್ ಬಂದಾಗ ಏನು ಮಾಡಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರಲಿ. ಹಸಿರಿಗೆ ಮುಖ್ಯ ವಿಷಯ ಹೇಳಿ ಆಗಿರಬೇಕು. ಹಳದಿ ಬಂತು ಅಂದ್ರೆ ಹೊಸ ಪಾಯಿಂಟ್ ಎತ್ತಬೇಡಿ, ಮುಕ್ತಾಯಕ್ಕೆ ತಿರುಗಿ. ಕೊನೇ ಎರಡು ವಾಕ್ಯ ಬಾಯಿಪಾಠ ಇರಲಿ. ಕೆಂಪು ಕಂಡಾಗ ಆ ಎರಡು ವಾಕ್ಯ ಹೇಳಿ ಕೂತ್ಕೊಳ್ಳಿ.

ಇದು ರೂಢಿ ಆದ್ಮೇಲೆ ಒಂದು ಆಟ ಆಡಿ. ಯಾವಾಗ ಬೇಕಾದ್ರೂ ಹಳದಿ ಎತ್ತೋಕೆ ಗೆಳೆಯರಿಗೆ ಹೇಳಿ. ಮಾತು ಎಲ್ಲೇ ಇರಲಿ, 1 ನಿಮಿಷದಲ್ಲಿ ಮುಗಿಸಬೇಕು. ವೇದಿಕೆ ಮೇಲೆ ‘ಟೈಮಿಲ್ಲ, ಬೇಗ ಮುಗಿಸಿ’ ಅಂತ ಚೀಟಿ ಬಂದಾಗ ಕಾಪಾಡೋದು ಈ ಅಭ್ಯಾಸ. ನಿಮ್ಮ ನಂತರ ಮಾತಾಡೋಕೆ ಕಾಯ್ತಿರೋರಿಗೂ ಅವರ ಪಾಲಿನ ನಿಮಿಷ ಪೂರ್ತಿ ಸಿಗುತ್ತೆ.

ಮೊದಲನೇ ಸಲಕ್ಕೆ 2 ನಿಮಿಷದ ಮಾತೇ ಸಾಕು. ಇವತ್ತೇ ಮಾಡಿ ನೋಡಿ. ಮುಂದಿನ ಎಪಿಸೋಡಲ್ಲಿ ಸಿಗೋಣ.