ಐಪೀಸ್ ಕೊಳ್ಳೋ ಮೊದಲು: ಒಂದು ಲೆಕ್ಕ, ಮೂರು ಪರೀಕ್ಷೆ

ಈ ವಾರದ ಎಪಿಸೋಡಿಗೆ ವಿಷಯ ಸಿಕ್ಕಿದ್ದು ಒಬ್ಬ ಕೇಳುಗರ ವಾಯ್ಸ್ ಮೆಸೇಜಿನಿಂದ. ಆರು ಇಂಚಿನ ಟೆಲಿಸ್ಕೋಪ್ ಮನೆಗೆ ಬಂದಿದೆ, ಆದ್ರೆ ಅದರ ಜೊತೆ ಕೊಟ್ಟ ಐಪೀಸಿನಲ್ಲಿ ಗುರು ಗ್ರಹ ಮಸುಕಾಗಿ ಕಾಣ್ತಿದೆ. ಅಂಗಡಿಯವರು ದುಬಾರಿ ಐಪೀಸ್ ತಗೊಳ್ಳಿ ಅಂತಿದ್ದಾರೆ. ಉಳಿಸಿದ ದುಡ್ಡನ್ನೆಲ್ಲ ಅದಕ್ಕೇ ಹಾಕಬೇಕಾ? ಇದು ಅವರ ಪ್ರಶ್ನೆ. ಹೀಗೆ ಮಸುಕು ನೋಡಿ ಬೇಸತ್ತು ಅಟ್ಟ ಸೇರಿದ ಟೆಲಿಸ್ಕೋಪುಗಳು ಬೇಕಾದಷ್ಟಿವೆ. ಹಾಗಾಗಿ ಇವತ್ತು, ದುಡ್ಡು ಕೊಡೋಕೆ ಮುಂಚೆ ಎರಡು ಐಪೀಸುಗಳನ್ನ ಹೋಲಿಸೋದು ಹೇಗೆ ಅಂತ ನೋಡೋಣ.

ಮೊದಲು ಲೆಕ್ಕ. ಟೆಲಿಸ್ಕೋಪಿನ ಸಂಗಮ ದೂರವನ್ನ ಐಪೀಸಿನ ಸಂಗಮ ದೂರದಿಂದ ಭಾಗಿಸಿದ್ರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದು ಸಿಗುತ್ತೆ. ಆರು ಇಂಚಿನ ಎಷ್ಟೋ ಟೆಲಿಸ್ಕೋಪುಗಳಲ್ಲಿ ಈ ದೂರ 1200 ಮಿ.ಮೀ. ಅಂದ್ರೆ 25 ಮಿ.ಮೀ. ಐಪೀಸ್ ಹಾಕಿದ್ರೆ 48 ಪಟ್ಟು, 10 ಮಿ.ಮೀ. ಹಾಕಿದ್ರೆ 120 ಪಟ್ಟು. 25 ಮತ್ತು 10ನ್ನ ಪಕ್ಕಪಕ್ಕ ಇಟ್ಟು "ಇದು ಚೆಂದ, ಅದು ಚೆಂದ ಇಲ್ಲ" ಅನ್ನೋದು ಹೋಲಿಕೆಯೇ ಅಲ್ಲ. ಒಂದೇ ಸಂಗಮ ದೂರದ ಎರಡು ಐಪೀಸ್, ಒಂದೇ ಟೆಲಿಸ್ಕೋಪ್, ಒಂದೇ ರಾತ್ರಿ, ಒಂದೇ ನಕ್ಷತ್ರ. ಹೀಗಿದ್ರೆ ಮಾತ್ರ ಹೋಲಿಕೆಗೆ ಅರ್ಥ.

ಪರೀಕ್ಷೆ ಒಂದು: ಎಷ್ಟು ಆಕಾಶ ಕಾಣುತ್ತೆ? ಡಬ್ಬಿ ಮೇಲೆ 50 ಡಿಗ್ರಿ, 68 ಡಿಗ್ರಿ, 82 ಡಿಗ್ರಿ ಅಂತ ಬರೆದಿರುತ್ತೆ. ಅದು ಕಿಟಕಿ ನಿಮ್ಮ ಕಣ್ಣಿಗೆ ಎಷ್ಟು ಅಗಲ ಅನ್ನಿಸುತ್ತೆ ಅನ್ನೋದರ ಅಳತೆ. ನಿಜವಾಗಿ ಕಾಣೋ ಆಕಾಶ ಬೇಕಂದ್ರೆ ಅದನ್ನ ಪಟ್ಟಿನಿಂದ ಭಾಗಿಸಿ. 10 ಮಿ.ಮೀ., 50 ಡಿಗ್ರಿಯ ಐಪೀಸಿನಲ್ಲಿ ಸಿಗೋದು ಸುಮಾರು 0.42 ಡಿಗ್ರಿ. ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ, ಅಂದ್ರೆ ಪೂರ್ತಿ ಚಂದ್ರ ಹಿಡಿಯಲ್ಲ. ಅದೇ 82 ಡಿಗ್ರಿಯದ್ದಾದ್ರೆ 0.68 ಡಿಗ್ರಿ, ಚಂದ್ರ ಆರಾಮಾಗಿ ಕೂರುತ್ತೆ.

ಇದು ಬರೀ ಅಂದದ ವಿಷಯ ಅಲ್ಲ. ಭೂಮಿ ತಿರುಗ್ತಾ ಇರೋದ್ರಿಂದ ಆಕಾಶ 4 ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತೆ. ಮೋಟಾರ್ ಇಲ್ಲದ ಟೆಲಿಸ್ಕೋಪಿನಲ್ಲಿ, ಮೊದಲನೇ ಐಪೀಸ್ ಹಾಕಿದ್ರೆ ಗುರು ಈ ಅಂಚಿನಿಂದ ಆ ಅಂಚಿಗೆ ಹೆಚ್ಚುಕಡಿಮೆ 100 ಸೆಕೆಂಡಿನಲ್ಲಿ ದಾಟುತ್ತೆ. ಅಜ್ಜಿ ಬಂದು, ಸೆರಗು ಸರಿ ಮಾಡ್ಕೊಂಡು, ಬಗ್ಗಿ ಕಣ್ಣಿಡೋಷ್ಟರಲ್ಲಿ ಗುರು ಹೊರಟೇ ಹೋಗಿರುತ್ತೆ! ಎರಡನೇದರಲ್ಲಿ ಎರಡೂವರೆ ನಿಮಿಷಕ್ಕೂ ಹೆಚ್ಚು ಸಮಯ ಸಿಗುತ್ತೆ.

ಕಂಪನಿ ಹೇಳಿದ ಅಂಕಿಯನ್ನ ನೀವೇ ಪರೀಕ್ಷಿಸಬಹುದು. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳಲ್ಲಿ ಮೊದಲು ಮೂಡೋದು ಮಿಂಟಕ. ಅದು ಖಗೋಳ ಮಧ್ಯರೇಖೆಗೆ ತೀರಾ ಹತ್ತಿರ ಇದೆ. ಅದು ಐಪೀಸಿನ ಸರಿಮಧ್ಯದಲ್ಲಿ ಹಾದು ಅಂಚಿಂದ ಅಂಚಿಗೆ ಹೋಗೋಕೆ ಎಷ್ಟು ನಿಮಿಷ ತಗೊಳ್ಳುತ್ತೆ ಅಂತ ಫೋನಿನ ಸ್ಟಾಪ್‌ವಾಚಿನಲ್ಲಿ ಅಳೆದು, 4ರಿಂದ ಭಾಗಿಸಿ. ಅಷ್ಟು ಡಿಗ್ರಿ ಆಕಾಶ ನಿಮ್ಮದು.

ಪರೀಕ್ಷೆ ಎರಡು: ಚೂಪು. ಮಿಥುನ ರಾಶಿಯ ಕ್ಯಾಸ್ಟರ್ ಬರಿಗಣ್ಣಿಗೆ ಒಂದೇ ಚುಕ್ಕಿ, 120 ಪಟ್ಟಿನಲ್ಲಿ ಜೋಡಿ. ಎರಡು ಚುಕ್ಕಿಗಳ ನಡುವೆ ಕಪ್ಪು ಸಂದು ಸ್ವಚ್ಛವಾಗಿ ಕಾಣ್ತಿದೆಯಾ ನೋಡಿ. ಆಮೇಲೆ ಅದನ್ನ ನಿಧಾನಕ್ಕೆ ಅಂಚಿಗೆ ತನ್ನಿ. ಎಲ್ಲಿಂದ ಚುಕ್ಕಿ ಗೆರೆಯಾಗಿ ಎಳೆದಂತೆ ಆಗುತ್ತೋ ಅಲ್ಲಿಗೆ ಆ ಐಪೀಸಿನ ಒಳ್ಳೆಯ ಭಾಗ ಮುಗೀತು. 82 ಡಿಗ್ರಿ ಅಂತ ಬರೆದು, ಹೊರಗಿನ ಮೂರನೇ ಒಂದು ಭಾಗ ಕಲಸಿದಂತಿದ್ರೆ ನೀವು ದುಡ್ಡು ಕೊಟ್ಟಿದ್ದು ಕಲಸಿದ ಆಕಾಶಕ್ಕೂ ಸೇರಿಸಿ. ಇಲ್ಲೊಂದು ಎಚ್ಚರ: ಎಫ್ 5ರಂಥ ಗಿಡ್ಡ ಟೆಲಿಸ್ಕೋಪಿನಲ್ಲಿ ಕನ್ನಡಿಯೇ ಅಂಚಿನ ನಕ್ಷತ್ರಕ್ಕೆ ಧೂಮಕೇತುವಿನಂಥ ಬಾಲ ಹಚ್ಚುತ್ತೆ. ಆ ತಪ್ಪನ್ನ ಐಪೀಸಿನ ತಲೆಗೆ ಕಟ್ಟಬೇಡಿ. ಎಫ್ 8ರಲ್ಲಿ ಈ ಕಾಟ ತುಂಬಾ ಕಮ್ಮಿ.

ಪರೀಕ್ಷೆ ಮೂರು: ಕಾಂಟ್ರಾಸ್ಟ್, ಅಂದ್ರೆ ಕಪ್ಪು ಕಪ್ಪಾಗೇ ಇರೋದು. ಲೇಪನ ಇಲ್ಲದ ಗಾಜಿನ ಒಂದೊಂದು ಮೇಲ್ಮೈಯೂ ಸುಮಾರು 4% ಬೆಳಕನ್ನ ವಾಪಸ್ ಎಸೆಯುತ್ತೆ. 1860ರಲ್ಲಿ ವಿಯೆನ್ನಾದ ಪ್ಲಾಸಲ್ ರೂಪಿಸಿದ, ಇವತ್ತಿಗೂ ಎಲ್ಲೆಡೆ ಸಿಗೋ ಐಪೀಸಿನಲ್ಲಿ ನಾಲ್ಕು ಮಸೂರ, ಗಾಳಿಗೆ ತಾಗೋ ನಾಲ್ಕು ಮೇಲ್ಮೈ. ಲೇಪನ ಇಲ್ಲದಿದ್ರೆ 15% ಬೆಳಕು ಹೋಯ್ತು. ಹೋದ ಬೆಳಕು ಒಳಗೇ ಪುಟಿದು ಆಕಾಶವನ್ನ ಬೂದಿ ಬಣ್ಣ ಮಾಡುತ್ತೆ. ಪರೀಕ್ಷೆ ಸುಲಭ: ಚಂದ್ರನನ್ನ ಕಿಟಕಿಯಿಂದ ಸ್ವಲ್ಪವೇ ಹೊರಗೆ ತಳ್ಳಿ. ಆಗಲೂ ಒಳಗೆ ಮಂಜು, ಬೆಳಕಿನ ಪಟ್ಟಿ ಕಂಡ್ರೆ ಲೇಪನವೋ ಒಳಗಿನ ಕಪ್ಪು ಬಣ್ಣವೋ ಸರಿ ಇಲ್ಲ. ಗುರುವಿನ ಎರಡು ಕಂದು ಪಟ್ಟಿಗಳೂ ಇದರಲ್ಲೇ ಅಳಿಸಿಹೋಗೋದು.

ಇಷ್ಟನ್ನೂ ಮಾಡುವಾಗ ಐಪೀಸ್ ಬದಲಾಯಿಸೋ ಕೆಲಸ ಸ್ನೇಹಿತರಿಗೆ ಕೊಡಿ, ಯಾವುದು ಹಾಕಿದ್ದು ಅಂತ ಹೇಳಬಾರದು. ಬೆಲೆ ಗೊತ್ತಿದ್ರೆ ಕಣ್ಣು ದುಬಾರಿಯದ್ದರ ಪರವೇ ವಾದಿಸುತ್ತೆ.

ಇನ್ನೆರಡು ಮಾತು. ಕನ್ನಡಕ ಹಾಕ್ಕೊಂಡೇ ನೋಡೋರು ಕಣ್ಣು ಮತ್ತು ಗಾಜಿನ ನಡುವೆ 15ರಿಂದ 20 ಮಿ.ಮೀ. ಜಾಗ ಕೊಡೋ ಐಪೀಸನ್ನೇ ಕೇಳಿ. 10 ಮಿ.ಮೀ. ಪ್ಲಾಸಲಿನಲ್ಲಿ ಅದು 7–8 ಮಿ.ಮೀ. ಅಷ್ಟೇ. ಒಂದೂಕಾಲು ಇಂಚಿನ ನಳಿಗೆಯಲ್ಲಿ 32ರ ಬದಲು 40 ಮಿ.ಮೀ. ಪ್ಲಾಸಲ್ ತಗೊಂಡ್ರೆ ಹೆಚ್ಚು ಆಕಾಶ ಸಿಗಲ್ಲ. ನಳಿಗೆಯ ಅಗಲವೇ ಅಲ್ಲಿ ಮಿತಿ.

ಈಗ ಆ ಕೇಳುಗರಿಗೆ ಉತ್ತರ. ಮೊದಲು ದುಡ್ಡು ಖರ್ಚಿಲ್ಲದ್ದನ್ನ ಮಾಡಿ. ಟೆಲಿಸ್ಕೋಪನ್ನ ಅರ್ಧ ಗಂಟೆ ಮುಂಚೆಯೇ ಹೊರಗಿಡಿ. ಗುರು ನೆತ್ತಿಗೆ ಹತ್ತಿರ ಬರೋವರೆಗೆ ಕಾಯಿರಿ. ಪ್ರಖರ ನಕ್ಷತ್ರವೊಂದನ್ನ ಮಧ್ಯಕ್ಕೆ ತಂದು ಫೋಕಸ್ ಸ್ವಲ್ಪ ಕೆಡಿಸಿ, ಕಾಣೋ ಉಂಗುರಗಳು ಒಂದೇ ಕೇಂದ್ರದ ಸುತ್ತ ಇಲ್ಲ ಅಂದ್ರೆ ಕನ್ನಡಿ ಜೋಡಣೆ ಸರಿಮಾಡಿ. ಇಷ್ಟಾದ ಮೇಲೂ ಗುರು ಮಸುಕಾಗಿದ್ರೆ, ಯಾರದಾದರೂ ಒಳ್ಳೆ ಲೇಪನದ ಪ್ಲಾಸಲ್ ಎರವಲು ತಂದು ಹೋಲಿಸಿ. ನಿಮ್ಮದು ಎಫ್ 8 ಟೆಲಿಸ್ಕೋಪ್, ಮಧ್ಯಭಾಗದಲ್ಲಿ ಅದರ ಚೂಪು ದುಬಾರಿಯದ್ದಕ್ಕೆ ಹತ್ತಿರವೇ ಇರುತ್ತೆ. ದುಬಾರಿಯದ್ದು ಹೆಚ್ಚಾಗಿ ಕೊಡೋದು ಅಗಲ, ಅಂಚಿನವರೆಗಿನ ಚೂಪು, ಕಣ್ಣಿಗೆ ಆರಾಮ. ಮನೆಮಂದಿಯೆಲ್ಲ ಸಾಲಾಗಿ ನೋಡೋ ಮನೆಯಾದ್ರೆ ಅಗಲಕ್ಕೆ ದುಡ್ಡು ಕೊಡಿ. ಒಬ್ಬರೇ ಕೂತು ಗ್ರಹ ನೋಡೋದಾದ್ರೆ ಪ್ಲಾಸಲ್ ಸಾಕು, ಉಳಿದ ದುಡ್ಡಿನಲ್ಲಿ ಊರ ಬೆಳಕಿನಿಂದ ದೂರ ಎರಡು ರಾತ್ರಿ ಹೋಗಿ ಬನ್ನಿ.